ಹಬ್ಬಕ್ಕೆ ಇನ್ನೆಷ್ಟು ದಿನ?

1839ರ ಡಿಸೆಂಬರ್ 1 ಭಾನುವಾರವಾಗಿತ್ತು. ಇಂದಿನ ಜರ್ಮನಿಯ ಹ್ಯಾಂಬರ್ಗ್ ಊರಿನ ಹೊರಗೆ, ಹಾರ್ನ್ ಎಂಬ ಹಳ್ಳಿಯ ಒಂದು ಪ್ರಾರ್ಥನಾ ಕೋಣೆಯಲ್ಲಿ ಮರದ ದೊಡ್ಡದೊಂದು ಚಕ್ರವನ್ನು ಮೇಲಿನಿಂದ ಇಳಿಬಿಟ್ಟಿದ್ದರು. ಅದರ ಸುತ್ತ 24 ಮೇಣದ ಬತ್ತಿಗಳು. ನಾಲ್ಕು ದೊಡ್ಡವು, ಬಿಳಿಯವು. ಇಪ್ಪತ್ತು ಸಣ್ಣವು, ಕೆಂಪಿನವು. ಆ ಸಂಜೆ ಒಂದು ಬಿಳಿ ಬತ್ತಿ ಹಚ್ಚಿದರು. ಮರುದಿನ ಅದರ ಜೊತೆಗೆ ಒಂದು ಕೆಂಪು ಬತ್ತಿ. ಅದರ ಮರುದಿನ ಇನ್ನೊಂದು. ಭಾನುವಾರ ಬಂದಾಗಲೆಲ್ಲ ಬಿಳಿಯದು. ಹೀಗೆ ಡಿಸೆಂಬರ್ 24ರ ಸಂಜೆ ಹೊತ್ತಿಗೆ ಇಡೀ ಚಕ್ರ ಉರಿಯುತ್ತಿತ್ತು.

ಚಕ್ರ ತೂಗುಹಾಕಿದವನು ಯೊಹಾನ್ ಹಿನ್ರಿಖ್ ವಿಖರ್ನ್, ಆಗ ಅವನಿಗೆ 31 ವರ್ಷ. ಅವನ ತಂದೆ ತೀರಿಕೊಂಡಾಗ ಅವನಿನ್ನೂ ಹದಿನೈದರ ಹುಡುಗ. ಪಾಠ ಹೇಳಿ ತಮ್ಮತಂಗಿಯರನ್ನು ಸಾಕುವ ಭಾರ ಹೆಗಲಿಗೆ ಬಿದ್ದಿತ್ತು. ಮುಂದೆ ದೇವತಾಶಾಸ್ತ್ರ ಓದಿ, ಹ್ಯಾಂಬರ್ಗಿನ ಬಡವರ ಕೇರಿಗಳಲ್ಲಿ ತಿರುಗಿ, 1833ರಲ್ಲಿ ಹುಲ್ಲು ಹೊದಿಸಿದ ಒಂದು ಹಳೆಯ ಮನೆಯಲ್ಲಿ ಮಕ್ಕಳ ಆಶ್ರಮ ಶುರು ಮಾಡಿದ. ಅದರ ಹೆಸರು ರೌಹೆಸ್ ಹೌಸ್. ಪದಕ್ಕೆ ಪದ ಇಟ್ಟರೆ 'ಒರಟು ಮನೆ'. ಅಲ್ಲಿ ಬಂದವರು ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗರು, ಭಿಕ್ಷೆಗೆ ಬಿಟ್ಟವರು, ಅಪ್ಪ ಯಾರೆಂದು ಗೊತ್ತಿಲ್ಲದವರು. ಅಂಥವರನ್ನು ದೊಡ್ಡ ಹಾಲಿನಲ್ಲಿ ಸಾಲಾಗಿ ಮಲಗಿಸುವುದು ಆ ಕಾಲದ ಪದ್ಧತಿ. ವಿಖರ್ನ್ ಹಾಗೆ ಮಾಡಲಿಲ್ಲ. ಹತ್ತು ಹನ್ನೆರಡು ಮಕ್ಕಳಿಗೆ ಒಂದು ಮನೆ, ಆ ಮನೆಗೊಬ್ಬ 'ಅಣ್ಣ', ಅವರದೊಂದು ಕುಟುಂಬ ಎಂದು ವಿಂಗಡಿಸಿದ. ಮನೆ ಇಲ್ಲದ ಮಕ್ಕಳಿಗೆ ಮನೆಯ ಲೆಕ್ಕಾಚಾರವನ್ನಾದರೂ ಕೊಡೋಣ ಎಂಬುದು ಅವನ ಹಟ.

ಆ ಮಕ್ಕಳು ಡಿಸೆಂಬರ್ ಬಂತೆಂದರೆ ದಿನಾ ಅವನ ಬೆನ್ನು ಹತ್ತುತ್ತಿದ್ದರಂತೆ: ಹಬ್ಬಕ್ಕೆ ಇನ್ನೆಷ್ಟು ದಿನ? ನಾಳೆಯೇನಾ? ನಾಡಿದ್ದಾ? ಯಾವ ಮನೆಯ ಮಕ್ಕಳು ಕೇಳಿಲ್ಲ ಇದನ್ನು! ದೀಪಾವಳಿಗೆ ಒಂದು ತಿಂಗಳಿರುವಾಗಲೇ ಪಟಾಕಿ ಲೆಕ್ಕ ಹಾಕಿದವರೇ ನಾವೆಲ್ಲ. ವ್ಯತ್ಯಾಸ ಇಷ್ಟೇ, ನಮ್ಮ ಮನೆಗಳಲ್ಲಿ ಅಡುಗೆಮನೆಯೇ ಉತ್ತರ ಹೇಳುತ್ತಿತ್ತು. ಅವಲಕ್ಕಿ ಹುರಿಯುವ ವಾಸನೆ ಬಂದರೆ ನಾಲ್ಕು ದಿನ, ಚಕ್ಕುಲಿ ಒರಳು ಅಟ್ಟದಿಂದ ಇಳಿದರೆ ಮೂರು ದಿನ, ಕರ್ಚಿಕಾಯಿ ಅಂದರೆ ನಾಡಿದ್ದೇ. ಅಮ್ಮನ ಅಡುಗೆಮನೆ ಇಲ್ಲದ ಮಕ್ಕಳಿಗೆ ವಿಖರ್ನ್ ಚಕ್ರ ಕಟ್ಟಿದ. ಕೇಳುವುದು ಬೇಡ, ಎಣಿಸಿಕೊಳ್ಳಿ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಉಳಿದ ಕೆಲಸ ದಿನದಿಂದ ದಿನಕ್ಕೆ ಇಳಿಯುವುದನ್ನು ತೋರಿಸುವ ಬರ್ನ್‌ಡೌನ್ ಚಾರ್ಟ್ ನಮ್ಮ ಗೋಡೆಯ ಮೇಲೆ ಸದಾ ಇರುತ್ತದೆ. ಈ ಚಕ್ರದ ಕಥೆ ಮೊದಲು ಓದಿದಾಗ, ಇವನು ನಮಗಿಂತ ನೂರೈವತ್ತು ವರ್ಷ ಮುಂಚೆಯೇ ಆ ಚಾರ್ಟನ್ನು ತಲೆಕೆಳಗು ಮಾಡಿಟ್ಟಿದ್ದಾನಲ್ಲ ಅನಿಸಿತು. ದಿನ ಕಡಿಮೆಯಾದಂತೆ ಬೆಳಕು ಜಾಸ್ತಿ. ಉತ್ತರ ಜರ್ಮನಿಯ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ, ಅದನ್ನೂ ನೆನಪಿಡಬೇಕು.

ಇಂದು ಕ್ರಿಸ್ಮಸ್ ಎಂದರೆ ಕುಟುಂಬದ ಹಬ್ಬ, ಮಕ್ಕಳ ಹಬ್ಬ. ಎರಡು ಸಾವಿರ ವರ್ಷದಿಂದ ಹೀಗೇ ಇದ್ದಿರಬೇಕು ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಪ್ಯೂರಿಟನ್ನರ ಕಣ್ಣಿಗೆ ಅದು ಕುಡಿತ, ಜೂಜು, ಬೀದಿಗಲಾಟೆಯ ಹಬ್ಬ. ಬೈಬಲಿನಲ್ಲಿ ಆಧಾರವಿಲ್ಲದ್ದು ಬೇರೆ. 1647ರಲ್ಲಿ ಅಲ್ಲಿನ ಪಾರ್ಲಿಮೆಂಟು ಹಬ್ಬವನ್ನೇ ರದ್ದು ಮಾಡಿತು. ಅಟ್ಲಾಂಟಿಕ್ ದಾಟಿ ಹೋಗಿದ್ದ ಅವರ ಬಂಧುಗಳು 1659ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕಿದರು. ಆ ಕಾನೂನು ಹೋಗಿದ್ದು 1681ರಲ್ಲಿ. ಹಬ್ಬ ಬೀದಿಯಿಂದ ಮನೆಯೊಳಗೆ, ದೊಡ್ಡವರ ಕೈಯಿಂದ ಮಕ್ಕಳ ಕೈಗೆ ಪೂರ್ತಿಯಾಗಿ ಬಂದದ್ದು 19ನೇ ಶತಮಾನದಲ್ಲಿ. ಜರ್ಮನ್ ನಾಡುಗಳಲ್ಲಿ ಸ್ವಲ್ಪ ಮುಂಚೆ, ಉಳಿದೆಡೆ ಸ್ವಲ್ಪ ತಡವಾಗಿ.

ಜರ್ಮನಿಯಲ್ಲಿ ಯಾಕೆ ಮುಂಚೆ ಎಂಬುದಕ್ಕೆ ಒಂದು ತಮಾಷೆಯ ಹಿನ್ನೆಲೆ ಇದೆ. ಮಾರ್ಟಿನ್ ಲೂಥರನಿಗಿಂತ ಮುಂಚೆ ಮಕ್ಕಳಿಗೆ ಉಡುಗೊರೆ ಬರುತ್ತಿದ್ದದ್ದು ಡಿಸೆಂಬರ್ 6ಕ್ಕೆ, ಸಂತ ನಿಕೋಲಾಸನ ದಿನ. ಸಂತರ ಆರಾಧನೆ ಬೇಡ ಎಂದ ಲೂಥರನ ಪಂಥ ನಿಕೋಲಾಸನನ್ನು ಪಕ್ಕಕ್ಕೆ ಸರಿಸಿ, ಉಡುಗೊರೆ ಕೊಡುವವನು ಬಾಲಯೇಸುವೇ, ಕೊಡುವ ದಿನ ಅವನು ಹುಟ್ಟಿದ ದಿನವೇ ಎಂದಿತು. ಈ ಬಾಲಯೇಸು ಜರ್ಮನ್ನರ ಬಾಯಲ್ಲಿ 'ಕ್ರಿಸ್ಟ್‌ಕಿಂಡ್' ಆದ. ಕಾಲಕ್ರಮದಲ್ಲಿ ಏನಾಯಿತು ನೋಡಿ: ಲೂಥರನ ಕ್ರಿಸ್ಟ್‌ಕಿಂಡ್ ದಕ್ಷಿಣದ ಕ್ಯಾಥೊಲಿಕ್ ಮನೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ, ಉತ್ತರದ ಲೂಥರನ್ನರ ಮನೆಗಳಿಗೆ ಬಿಳಿಗಡ್ಡದ ತಾತ ವಾಪಸ್ಸು ಬಂದ. ನ್ಯೂರೆಂಬರ್ಗಿನ ಡಿಸೆಂಬರ್ ಸಂತೆಯನ್ನು ಈಗಲೂ ಉದ್ಘಾಟಿಸುವುದು ಕ್ರಿಸ್ಟ್‌ಕಿಂಡ್ ವೇಷದ, ಬಂಗಾರದ ಗುಂಗುರುಕೂದಲಿನ ಒಬ್ಬ ಹುಡುಗಿ. ಸಂಪ್ರದಾಯ ಎಂಬುದು ತನ್ನನ್ನು ಹುಟ್ಟಿಸಿದವರ ಮಾತು ಕೇಳುವುದಿಲ್ಲ.

ಕ್ರಿಸ್ಮಸ್ ಮರದ ಕಥೆ ಬಹಳ ಜನರಿಗೆ ಗೊತ್ತು, ಆದ್ದರಿಂದ ಒಂದೇ ಮಾತು. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ವಿಕ್ಟೋರಿಯಾ ರಾಣಿ, ಅವಳ ಜರ್ಮನ್ ಗಂಡ ಆಲ್ಬರ್ಟ್, ಮಕ್ಕಳು ಮರದ ಸುತ್ತ ನಿಂತ ಚಿತ್ರ ಅಚ್ಚು ಹಾಕಿತು. ಎರಡು ವರ್ಷದ ನಂತರ ಅಮೆರಿಕದ ಒಂದು ಮಹಿಳಾ ಮಾಸಿಕ ಅದೇ ಚಿತ್ರವನ್ನು ಎತ್ತಿಕೊಂಡು, ರಾಣಿಯ ಕಿರೀಟ ಅಳಿಸಿ, ಆಲ್ಬರ್ಟನ ಮೀಸೆ ಬೋಳಿಸಿ, ಇದೊಂದು ಅಮೆರಿಕನ್ ಕುಟುಂಬ ಎಂಬಂತೆ ಮುದ್ರಿಸಿತು. ಫೋಟೊಶಾಪ್ ಹುಟ್ಟುವುದಕ್ಕೆ ನೂರಮೂವತ್ತು ವರ್ಷಕ್ಕೂ ಮುಂಚೆ.

ಮರ ರಾಜಮನೆಯ ದಾರಿ ಹಿಡಿದು ಬಂತು. ಆದರೆ ಮಕ್ಕಳ ಕೈಯಲ್ಲಿ ದಿನಾ ಆಡುವ ವಸ್ತುಗಳು, ಚಕ್ರ, ಕ್ಯಾಲೆಂಡರು, ನಕ್ಷತ್ರ, ಇವು ಬಂದ ದಾರಿ ಬೇರೆ. ಅವು ಸಣ್ಣ ಊರುಗಳ ಪಾದ್ರಿ ಮನೆ, ಆಶ್ರಮ, ವಸತಿಶಾಲೆಗಳಿಂದ ಬಂದವು. ನನಗೆ ಹೇಳಬೇಕಾಗಿರುವುದು ಇವುಗಳ ಕಥೆಯೇ. ಇವನ್ನು ದೊಡ್ಡವರು ಕಲ್ಪಿಸಿಕೊಂಡದ್ದು ಹಬ್ಬದ ದಿನಕ್ಕಲ್ಲ, ಹಬ್ಬದ ಮುಂಚಿನ ದಿನಗಳಿಗೆ. ಅದರಲ್ಲೂ ಆ ದಿನಗಳನ್ನು ಕಳೆಯುವುದು ಯಾರಿಗೆ ಕಷ್ಟವೋ ಅಂಥ ಮಕ್ಕಳಿಗೆ.

ಕ್ರಿಸ್ಮಸ್ಸಿನ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಜರ್ಮನಿಯ ಬಡ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೀಟು ಎಳೆಯುತ್ತಿದ್ದರು, ಮಗು ದಿನಕ್ಕೊಂದು ಒರೆಸುತ್ತಿತ್ತು. ಕ್ಯಾಥೊಲಿಕ್ ಮನೆಗಳಲ್ಲಿ ಗೋದಲಿಯ ಖಾಲಿ ತೊಟ್ಟಿಲಿಗೆ ದಿನಕ್ಕೊಂದು ಹುಲ್ಲುಕಡ್ಡಿ ಹಾಕುತ್ತಿದ್ದರು. ಕಂದ ಬರುವಷ್ಟರಲ್ಲಿ ಹಾಸಿಗೆ ಮೆತ್ತಗಾಗಬೇಕಲ್ಲ. ಖರ್ಚಿಲ್ಲದ ಕೆಲಸ. ಥಾಮಸ್ ಮನ್‌ನ 'ಬುಡನ್‌ಬ್ರೂಕ್ಸ್' ಕಾದಂಬರಿಯಲ್ಲೂ ಪುಟ್ಟ ಹನ್ನೊ ದಿನಕ್ಕೊಂದು ಹಾಳೆ ಹರಿಯುತ್ತ ಹಬ್ಬ ಕಾಯುತ್ತಾನೆ. ಆ ಕ್ಯಾಲೆಂಡರು ಮಾಡಿಕೊಟ್ಟವಳು ಅವನನ್ನು ನೋಡಿಕೊಳ್ಳುವ ಹೆಂಗಸು.

ಇದು ಅಂಗಡಿಗೆ ಬಂದದ್ದು ಒಬ್ಬ ತಾಯಿಯ ದೆಸೆಯಿಂದ. ದಕ್ಷಿಣ ಜರ್ಮನಿಯ ಮೌಲ್‌ಬ್ರೋನ್ ಎಂಬಲ್ಲಿ 1881ರಲ್ಲಿ ಹುಟ್ಟಿದ ಗೆರ್‌ಹಾರ್ಡ್ ಲಾಂಗ್ ಪಾದ್ರಿಯ ಮಗ. ಹುಡುಗ ಸುಮ್ಮನೆ ಕೂರುವವನಲ್ಲ. ಅವನ ತಾಯಿ ಒಂದು ರಟ್ಟಿನ ಮೇಲೆ 24 ಮನೆ ಬರೆದು, ಪ್ರತಿಯೊಂದಕ್ಕೂ ಆ ಸೀಮೆಯ ಪುಟಾಣಿ ಬಿಸ್ಕೆಟ್ ಒಂದನ್ನು ಅಂಟಿಸಿ, ದಿನಕ್ಕೆ ಒಂದೇ ತಿನ್ನಬೇಕು ಎಂದಳು. ಮಗ ಬೆಳೆದು ಮ್ಯೂನಿಕ್‌ನಲ್ಲಿ ಮುದ್ರಣಾಲಯದ ಪಾಲುದಾರನಾದ. 20ನೇ ಶತಮಾನದ ಮೊದಲ ದಶಕದಲ್ಲಿ ಅವನು ಅಮ್ಮನ ರಟ್ಟನ್ನೇ ಅಚ್ಚು ಹಾಕಿದ: ಒಂದು ಹಾಳೆಯಲ್ಲಿ 24 ಪದ್ಯ, ಇನ್ನೊಂದರಲ್ಲಿ 24 ಚಿತ್ರ, ಕತ್ತರಿಸಿ ಅಂಟಿಸುವುದು ಮಗುವಿನ ಕೆಲಸ. ತೆರೆಯುವ ಪುಟ್ಟ ಕಿಟಕಿಗಳು ಬಂದದ್ದು ಮುಂದೆ, 1920ರ ಆಸುಪಾಸಿಗೆ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಆಗಮನ ಕಾಲ ಎಲ್ಲ ವರ್ಷವೂ ಒಂದೇ ಅಳತೆಯದಲ್ಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಎಂದಾದರೂ ಬೀಳಬಹುದು, ಹಾಗಾಗಿ ದಿನಗಳು 22ರಿಂದ 28. ವಿಖರ್ನ್‌ನ ಚಕ್ರಕ್ಕೆ ವರ್ಷ ವರ್ಷ ಸಣ್ಣ ಬತ್ತಿಗಳ ಲೆಕ್ಕ ಬದಲಾಗುತ್ತಿತ್ತು. 1839ರಲ್ಲಿ ಡಿಸೆಂಬರ್ ಒಂದೇ ಭಾನುವಾರವಾದ್ದರಿಂದ ಸರಿಯಾಗಿ 24 ಆಯಿತು. ಅಚ್ಚಿನ ಕ್ಯಾಲೆಂಡರಿಗೆ ಈ ಹೊಯ್ದಾಟ ಒಗ್ಗದು. ಡಿಸೆಂಬರ್ 1ರಿಂದ 24 ಎಂದು ಕಟ್ಟಿಹಾಕಿದರೆ ಯಾವ ವರ್ಷಕ್ಕಾದರೂ ಸೈ, ಮಾರದೆ ಉಳಿದದ್ದನ್ನು ಮುಂದಿನ ವರ್ಷ ಮಾರಬಹುದು. ಪಂಚಾಂಗ ಸೋತು ಸ್ಟಾಕ್ ಗೆದ್ದ ಕಥೆ.

ಲಾಂಗ್‌ನ ವ್ಯಾಪಾರ ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತುಹೋಯಿತು. ಕಾಗದಕ್ಕೆ ಬರ. ಇದ್ದ ಕಾಗದದಲ್ಲಿ ನಾತ್ಸಿ ಪಕ್ಷ ತನ್ನದೇ ಕ್ಯಾಲೆಂಡರು ತಂದಿತು, ಬಾಲಯೇಸುವನ್ನು ತೆಗೆದು ಚಳಿಗಾಲದ ಸೂರ್ಯ, ಜರ್ಮನ್ ಪುರಾಣ, ಸೈನಿಕರನ್ನು ತುಂಬಿ. ಮಕ್ಕಳ ಕಾಯುವಿಕೆ ಎಂಥ ಬೆಲೆಬಾಳುವ ಜಾಗ ಎಂಬುದು ಪ್ರಚಾರ ಖಾತೆಗೂ ತಿಳಿದಿತ್ತು. ಯುದ್ಧ ಮುಗಿದ ಮೇಲೆ, ಬಾಂಬು ಬಿದ್ದು ನೆಲಸಮವಾಗಿದ್ದ ಸ್ಟುಟ್‌ಗಾರ್ಟಿನಲ್ಲಿ ರಿಚರ್ಡ್ ಸೆಲ್‌ಮರ್ ಎಂಬಾತ 1946ರಲ್ಲಿ ಮತ್ತೆ ಶುರು ಮಾಡಿದ. ಅವನ ಮೊದಲ ಕ್ಯಾಲೆಂಡರಿನ ಚಿತ್ರ ಯಾವುದು ಗೊತ್ತೆ? ಒಂದು ಪುಟ್ಟ ಊರು. ಎಲ್ಲ ಮನೆಗಳೂ ನೆಟ್ಟಗೆ ನಿಂತಿರುವ, ಕಿಟಕಿಗಳಲ್ಲಿ ದೀಪವಿರುವ ಊರು. 1953ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮೊಮ್ಮಕ್ಕಳು ಇಂಥದೇ ಕ್ಯಾಲೆಂಡರು ಹಿಡಿದ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಅಮೆರಿಕವೂ ಕಿಟಕಿ ತೆರೆಯತೊಡಗಿತು. ಈಗ ಪುಣೆಯ ಮಾಲುಗಳಲ್ಲೂ ಚಾಕೊಲೇಟ್ ತುಂಬಿದ್ದು ಸಿಗುತ್ತದೆ. ಅದರ ಬೆಲೆ ನೋಡಿದರೆ ಲಾಂಗ್‌ನ ತಾಯಿಯ ರಟ್ಟೇ ವಾಸಿ.

ಇನ್ನು ನಕ್ಷತ್ರ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ್ದು, ಒಂದಷ್ಟು ಗಣಿತ ಓದಿಕೊಂಡವನೆಂಬ ಕಾರಣಕ್ಕೂ.

ಪೂರ್ವ ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹೂಟ್ ಎಂಬ ಊರಿದೆ. 1722ರಲ್ಲಿ ಮೊರಾವಿಯಾದಿಂದ ಧರ್ಮದ ಕಾರಣಕ್ಕೆ ಓಡಿಬಂದವರಿಗೆ ಸಿನ್‌ಸೆಂಡಾರ್ಫ್ ಎಂಬ ಜಮೀನ್ದಾರ ತನ್ನ ನೆಲದಲ್ಲಿ ಜಾಗ ಕೊಟ್ಟ. ಹಾಗೆ ಹುಟ್ಟಿದ ಊರು. ಈ ಮೊರಾವಿಯನ್ನರು ಸಂಖ್ಯೆಯಲ್ಲಿ ಹಿಡಿಯಷ್ಟು, ಆದರೆ ಹತ್ತು ವರ್ಷವಾಗುವಷ್ಟರಲ್ಲಿ ಪ್ರಪಂಚದ ಮೂಲೆಗಳಿಗೆ ಮಿಶನರಿಗಳನ್ನು ಕಳಿಸತೊಡಗಿದರು. ಕೆರಿಬಿಯನ್ ದ್ವೀಪ, ಗ್ರೀನ್‌ಲ್ಯಾಂಡ್, ಸುರಿನಾಮ್, ದಕ್ಷಿಣ ಆಫ್ರಿಕ, ಲ್ಯಾಬ್ರಡಾರ್. ನಮ್ಮ ತರಂಗಂಬಾಡಿಗೂ ಬಂದರು. 19ನೇ ಶತಮಾನದಲ್ಲಿ ಲಾಹೌಲಿನ ಕೇಲಾಂಗ್, ಆಮೇಲೆ ಲಡಾಖಿನ ಲೇಹ್. ಲೇಹ್‌ನಲ್ಲಿ ಅವರ ಚರ್ಚು, ಶಾಲೆ ಇಂದಿಗೂ ಇವೆ.

ಅಪ್ಪ ಅಮ್ಮ ಲ್ಯಾಬ್ರಡಾರಿನ ಹಿಮದಲ್ಲಿದ್ದರೆ ಮಕ್ಕಳು? ಅವರನ್ನು ಆರೇಳು ವರ್ಷಕ್ಕೆ ಜರ್ಮನಿಯ ವಸತಿಶಾಲೆಗಳಿಗೆ ಕಳಿಸುವುದು ಪದ್ಧತಿಯಾಗಿತ್ತು. ಮುಂದೆ ಎಷ್ಟೋ ಮಕ್ಕಳು ತಾಯಿಯನ್ನು ಕಂಡದ್ದು ಹತ್ತು ವರ್ಷದ ಮೇಲೆ. ಕೆಲವರು ಕಾಣಲೇ ಇಲ್ಲ. ಹೆರ್ನ್‌ಹೂಟ್‌ಗೆ ಹತ್ತಿರದ ನೀಸ್ಕಿ ಎಂಬಲ್ಲಿನ ಅವರ ಹುಡುಗರ ಶಾಲೆಯಲ್ಲಿ 1821ರಲ್ಲಿ, ಶಾಲೆಯ ಐವತ್ತನೇ ವರ್ಷದ ಉತ್ಸವಕ್ಕೆ, 110 ಕೊಂಬುಗಳ ಬೆಳಗುವ ನಕ್ಷತ್ರವೊಂದನ್ನು ಅಂಗಳದಲ್ಲಿ ತೂಗುಹಾಕಿದ್ದರು. ಅಲ್ಲಿಂದ ಮುಂದೆ ಈ ವಸತಿಶಾಲೆಗಳಲ್ಲಿ ಕಾಗದದ ನಕ್ಷತ್ರ ಮಾಡುವುದು ರೇಖಾಗಣಿತದ ಪಾಠವೂ ಆಯಿತು, ಆಗಮನ ಕಾಲದ ಮೊದಲ ಭಾನುವಾರದ ಕೆಲಸವೂ ಆಯಿತು. ಮನೆಗೆ ಹೋಗಲಾರದ ಮಕ್ಕಳು ಸಾಲಾಗಿ ಕೂತು ರಟ್ಟು ಕತ್ತರಿಸುತ್ತ, ಅಂಟು ಮೆತ್ತಿಕೊಳ್ಳುತ್ತ ಒಂದು ಸಂಜೆ ಕಳೆಯುವುದನ್ನು ಕಲ್ಪಿಸಿಕೊಳ್ಳಿ. ಆ ಮೇಷ್ಟ್ರು ಯಾರೇ ಇರಲಿ, ಅವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು. ದುಃಖದಲ್ಲಿರುವ ಮಗುವಿಗೆ ಉಪದೇಶಕ್ಕಿಂತ ಕತ್ತರಿ, ಅಂಟು, ಸ್ವಲ್ಪ ಕಷ್ಟದ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಆ ಶಾಲೆಗಳಲ್ಲಿ ಓದಿದವರು ಹೋದ ಹೋದಲ್ಲಿ ನಕ್ಷತ್ರ ಒಯ್ದರು. ಪೀಟರ್ ಫೆರ್‌ಬೀಕ್ ಎಂಬ ಪುಸ್ತಕದಂಗಡಿಯವನು ಹೆರ್ನ್‌ಹೂಟ್‌ನಲ್ಲಿ ಅದನ್ನು ಮಾರಾಟದ ವಸ್ತುವಾಗಿ ಮಾಡಿದ. ಈಗಲೂ ಅಲ್ಲಿ ಕೈಯಿಂದಲೇ ಅಂಟಿಸುತ್ತಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ದೂರದೇಶದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಇದೇ ಕಥೆಯ ಒಂದು ಎಳೆ ಧಾರವಾಡ, ಮಂಗಳೂರಿಗೆ ಬಂದು ಸೇರುತ್ತದೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ. ಈ ಮಿಶನ್ನಿಗೆ ನಾವು ಕನ್ನಡಿಗರು ಎಷ್ಟು ಋಣಿಗಳು ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದ, ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂತು. ಹೆಂಚು, ನೇಯ್ಗೆ, ಶಾಲೆ, ಅಚ್ಚುಕೂಟ ಎಲ್ಲ ನಮ್ಮ ಪಠ್ಯಪುಸ್ತಕದಲ್ಲಿದೆ. ಪಠ್ಯಪುಸ್ತಕದಲ್ಲಿ ಇಲ್ಲದ್ದು ಅವರ ಮಕ್ಕಳು.

ಬಾಸೆಲ್ ಮಿಶನ್ 1850ರ ದಶಕದಲ್ಲಿ ಒಂದು ನಿಯಮ ಮಾಡಿತು: ಮಿಶನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಯೂರೋಪಿಗೆ ವಾಪಸ್ಸಾಗಬೇಕು. ಅವರಿಗಾಗಿ ಬಾಸೆಲ್ ಊರಿನಲ್ಲಿ ಮಕ್ಕಳ ಮನೆ ತೆರೆಯಿತು. ಕಾರಣಗಳಿದ್ದವು. ಜ್ವರ, ಕಾಲರಾಕ್ಕೆ ಮಕ್ಕಳು ಸಾಯುತ್ತಿದ್ದರು. ಇನ್ನೊಂದು ಕಾರಣ, ಆಯಾಗಳ ತೊಡೆಯ ಮೇಲೆ ಬೆಳೆದ ಮಕ್ಕಳು ಅಲ್ಲಿಯವರೇ ಆಗಿಬಿಡುತ್ತಾರೆ ಎಂಬ ಭಯ. ಮಗು ಮೊದಲು ಆಡಿದ ಮಾತು ಜರ್ಮನ್ ಅಲ್ಲ, ಕನ್ನಡವೋ ತುಳುವೋ ಮಲೆಯಾಳವೋ ಆಗಿದ್ದರೆ ಮಿಶನ್ನಿನ ಹಿರಿಯರಿಗೆ ಅದು ಚಿಂತೆಯ ವಿಷಯ. ಹಾಗೆ ಕರಾವಳಿಯ ಬಂದರಿನಿಂದ ಹಡಗು ಹತ್ತಿದ ಆರು ವರ್ಷದ ಮಗು ತಂದೆತಾಯಿಯ ಜೊತೆ ಮುಂದಿನ ಕ್ರಿಸ್ಮಸ್ ಮಾಡುವುದು ಯಾವಾಗ ಎಂದು ಯಾರೂ ಹೇಳಲಾರರು. ಪತ್ರ ಹೋಗಿ ಉತ್ತರ ಬರಲು ತಿಂಗಳುಗಳು.

ಒಂದು ಹೆಸರು ಹೇಳುತ್ತೇನೆ: ಮಾರೀ ಗುಂಡರ್ಟ್. ತಂದೆ ಹರ್ಮನ್ ಗುಂಡರ್ಟ್, ಮಲೆಯಾಳಕ್ಕೆ ಕಿಟ್ಟೆಲ್ ಥರದವನು, ನಿಘಂಟು ವ್ಯಾಕರಣ ಬರೆದವನು. ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಮೂರು ನಾಲ್ಕು ವರ್ಷದವಳಿದ್ದಾಗ ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಅವರನ್ನು ಸೇರಲು ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಆ ನಡುವೆ ಹತ್ತಕ್ಕೂ ಹೆಚ್ಚು ಡಿಸೆಂಬರ್‌ಗಳು ಕಳೆದಿದ್ದವು. ಅವಳ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವನು. ಮಗ ಹುಡುಗನಾಗಿದ್ದಾಗ ವಸತಿಶಾಲೆಯಿಂದ ಓಡಿಹೋದ. ಆ ಶಾಲೆ ಇದ್ದದ್ದು ಮೌಲ್‌ಬ್ರೋನಿನಲ್ಲಿ, ಕ್ಯಾಲೆಂಡರಿನ ಲಾಂಗ್ ಹುಟ್ಟಿದ ಅದೇ ಊರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ನಾನು ಧಾರವಾಡದವನು. ಕಿಟ್ಟೆಲ್ ನಿಘಂಟಿನ ಎಪ್ಪತ್ತು ಸಾವಿರ ಶಬ್ದಗಳ ಬಗ್ಗೆ ನಮ್ಮಲ್ಲಿ ಭಾಷಣಗಳಾಗುತ್ತವೆ, ಆಗಬೇಕು. ಆದರೆ ಅಂಥ ಕೆಲಸಗಳ ಲೆಕ್ಕಪುಸ್ತಕದಲ್ಲಿ ಖರ್ಚಿನ ಕಡೆ ಇನ್ನೊಂದು ಸಾಲಿದೆ. ನಮ್ಮ ಊರುಗಳಲ್ಲಿ ಹುಟ್ಟಿ, ನಮ್ಮ ಮಾತು ಕಲಿತು, ಅದನ್ನು ಮರೆಯಲೆಂದೇ ಕಳಿಸಲ್ಪಟ್ಟ ಮಕ್ಕಳು ಆ ಸಾಲಿನಲ್ಲಿದ್ದಾರೆ. ಭಾಷೆ ಮರೆಯುವ ಮಕ್ಕಳ ಬಗ್ಗೆ ಊರು ಬಿಟ್ಟ ನಾವು ಆಡುವ ಮಾತಿನಲ್ಲಿ ಅವರಿಗೂ ಒಂದಿಷ್ಟು ಜಾಗ ಇರಲಿ.

ಇನ್ನೊಂದು ಖರ್ಚಿನ ಸಾಲು ಇದೆ, ಅದನ್ನು ಬಿಟ್ಟರೆ ಕಥೆ ಸಿಹಿಯಾಗಿಬಿಡುತ್ತದೆ. ಮರಕ್ಕೆ ತೂಗುಹಾಕುವ ಹೊಳೆಯುವ ಗಾಜಿನ ಗುಂಡುಗಳು ಹುಟ್ಟಿದ್ದು ತುರಿಂಗಿಯಾ ಕಾಡಿನ ಲೌಶಾ ಎಂಬ ಗಾಜಿನ ಕೆಲಸದ ಹಳ್ಳಿಯಲ್ಲಿ, 1847ರ ಸುಮಾರಿಗೆ. 1880ರಿಂದ ಅಮೆರಿಕದ ವೂಲ್‌ವರ್ತ್ ಅಂಗಡಿಗಳು ಅವನ್ನು ಕೊಂಡು ಮಾರತೊಡಗಿದ ಮೇಲೆ ಬೇಡಿಕೆಗೆ ಮಿತಿಯಿಲ್ಲ. ಕೆಲಸ ನಡೆಯುತ್ತಿದ್ದದ್ದು ಮನೆಗಳಲ್ಲೇ. ಅಪ್ಪ ದೀಪದ ಉರಿಯ ಮುಂದೆ ಕೂತು ಗಾಜು ಊದುತ್ತಾನೆ. ಅಮ್ಮ ಒಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕುತ್ತಾಳೆ. ಮಕ್ಕಳು ಬಣ್ಣದಲ್ಲಿ ಅದ್ದುತ್ತಾರೆ, ಒಣಹಾಕುತ್ತಾರೆ, ಕೊಕ್ಕೆ ಸಿಕ್ಕಿಸುತ್ತಾರೆ. ಕ್ರಿಸ್ಮಸ್ ಮಾಲು ಹಡಗು ಹತ್ತಬೇಕಾದ ತಿಂಗಳುಗಳಲ್ಲಿ ಮಕ್ಕಳಿಗೂ ರಾತ್ರಿ ಕೆಲಸ. ನ್ಯೂಯಾರ್ಕಿನ ಮಗುವಿನ ಕಾಯುವಿಕೆಯನ್ನು ಲೌಶಾದ ಮಗು ಬಣ್ಣ ಹಚ್ಚಿ ಪೆಟ್ಟಿಗೆಗೆ ತುಂಬುತ್ತಿತ್ತು. ಶಿವಕಾಶಿಯ ಪಟಾಕಿ ಹಚ್ಚಿ ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗಬೇಕು.

ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೇ? ಹೇಳಬೇಕು ಎನ್ನುತ್ತೇನೆ. ಎಂಟು ಹತ್ತು ವರ್ಷದ ಮಗುವಿಗೆ ಅನ್ಯಾಯದ ವಾಸನೆ ನಮಗಿಂತ ಬೇಗ ಹತ್ತುತ್ತದೆ. ಅದರಿಂದ ಹಬ್ಬದ ರುಚಿ ಕೆಡುವುದಿಲ್ಲ.

ಜರ್ಮನಿಗೇ ಯಾಕೆ ಹೋಗಬೇಕು, ಕಾಯುವ ಆಟ ನಮ್ಮ ಕರಾವಳಿಯಲ್ಲೂ ಇದೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ, ಗೋವೆಯಲ್ಲಿ, ಮುಂಬಯಿಯ ಈಸ್ಟ್ ಇಂಡಿಯನ್ನರ ವಾಡಿಗಳಲ್ಲಿ, ಹಬ್ಬಕ್ಕೆ ಹತ್ತು ಹದಿನೈದು ದಿನ ಮುಂಚೆ ಮಕ್ಕಳು ಕರಟದಲ್ಲೋ ತಟ್ಟೆಯಲ್ಲೋ ಮಣ್ಣು ತುಂಬಿ ರಾಗಿ, ಭತ್ತ ಬಿತ್ತುತ್ತಾರೆ. ದಿನಾ ನೀರು ಚಿಮುಕಿಸಬೇಕು. ಎಳೆ ಹಸಿರು ಬೆರಳುದ್ದವಾಗುವಷ್ಟರಲ್ಲಿ ಕ್ರಿಸ್ಮಸ್. ಆ ಕರಟಗಳು ಗೋದಲಿಯ ಸುತ್ತ ಗದ್ದೆಯಾಗುತ್ತವೆ. ಬೆತ್ಲೆಹೆಮಿನ ದನದ ಕೊಟ್ಟಿಗೆಯ ಮುಂದೆ ನಮ್ಮ ರಾಗಿಹೊಲ! ನವರಾತ್ರಿಯಲ್ಲಿ ಘಟ ಹಾಕಿ, ಸಸಿ ಎಷ್ಟು ಎತ್ತರ ಬಂತು ಎಂದು ಬೆಳಗೆದ್ದು ಮೊದಲು ದೇವರಕೋಣೆಗೆ ಓಡಿದವರಿಗೆ ಈ ಆಟ ಹೇಳಿಕೊಡಬೇಕಾಗಿಲ್ಲ. ಇದಾದ ಮೇಲೆ ಕುಸ್ವಾರ್. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಉರುಳಿಸಿದರೆ ಗೀರುಗೀರಾದ ಕಿಡಿಯೊ. ಕೊಂಕಣಿಯಲ್ಲಿ ಆ ಮಾತಿಗೆ ಹುಳುಗಳು ಎಂದರ್ಥ, ಮಕ್ಕಳಿಗೆ ಅಷ್ಟು ಸಾಕು, ಒಂದು ಸಂಜೆ ಪೂರ್ತಿ ಕೂತು ಉರುಳಿಸುತ್ತಾರೆ. ನೆವ್ರಿ ತುಂಬುವುದು, ಗುಳಿಯೊ ಉಂಡೆ ಕಟ್ಟುವುದು, ಆಮೇಲೆ ತಟ್ಟೆಗಳಲ್ಲಿ ಜೋಡಿಸಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದು. ನೆವ್ರಿ ನಮ್ಮ ಕರ್ಚಿಕಾಯಿಯ ಅಕ್ಕನೋ ತಂಗಿಯೋ ಎಂಬ ಚರ್ಚೆಯನ್ನು ತಿನ್ನುತ್ತ ಮಾಡುವುದು ಉತ್ತಮ.

ಮನೆಯಲ್ಲಿ ಮಕ್ಕಳ ಜೊತೆ ಏನಾದರೂ ಮಾಡಬೇಕು ಎನ್ನುವವರಿಗೆ ನನ್ನ ಶಿಫಾರಸು ಹೆರ್ನ್‌ಹೂಟ್ ನಕ್ಷತ್ರ. ದೀಪಾವಳಿಗೆ ಬಿದಿರುಕಡ್ಡಿ ಕಟ್ಟಿ ಆಕಾಶಬುಟ್ಟಿ ಮಾಡಿದ ಕೈಗಳಿಗೆ ಇದೇನೂ ದೊಡ್ಡದಲ್ಲ. ಇದರ ಒಳಗಿನ ಗಟ್ಟಿಯ ಹೆಸರು ರೋಂಬಿಕ್ಯುಬೊಕ್ಟಾಹೆಡ್ರನ್. ಹೆಸರಿಗೆ ಹೆದರಬೇಡಿ, ಮಕ್ಕಳು ಹೆದರುವುದಿಲ್ಲ, ಅವರು ಡೈನೋಸಾರ್‌ಗಳ ಹೆಸರು ನುಂಗಿದವರು. ಆರ್ಕಿಮಿಡೀಸ್ ಪಟ್ಟಿ ಮಾಡಿದ ಘನಾಕೃತಿಗಳಲ್ಲಿ ಇದೊಂದು. 18 ಚೌಕ, 8 ತ್ರಿಕೋನ, ಒಟ್ಟು 26 ಮುಖ. 24 ಮೂಲೆ, 48 ಅಂಚು. ಆಯ್ಲರನ ಸೂತ್ರ ಗೊತ್ತಿರುವವರು ಮೂಲೆಗೆ ಮುಖ ಕೂಡಿಸಿ ಅಂಚು ಕಳೆದು ನೋಡಿ, ಎರಡು ಬರುತ್ತದೆ.

ಪ್ರತಿ ಮುಖದ ಮೇಲೂ ಒಂದೊಂದು ಚೂಪು ಕೊಂಬು ನಿಲ್ಲಿಸಬೇಕು. ಚೌಕಕ್ಕೆ ನಾಲ್ಕು ಬದಿಯದು, ತ್ರಿಕೋನಕ್ಕೆ ಮೂರು ಬದಿಯದು. ಮೇಲಿನ ಒಂದು ಚೌಕವನ್ನು ಮಾತ್ರ ಬಿಡಬೇಕು, ತೂಗುಹಾಕುವ ದಾರ, ಬಲ್ಬಿನ ವೈರು ಹೋಗಲಿಕ್ಕೆ. ಹಾಗಾಗಿ ಕೊಂಬುಗಳು 17 ಮತ್ತು 8, ಒಟ್ಟು 25. ಮೊದಲು ಒಳಗಿನ ಗಟ್ಟಿಯನ್ನು ಚೌಕಟ್ಟಿನಂತೆ ಮಾಡಿಕೊಳ್ಳಿ, ಅಂದರೆ ದಪ್ಪ ರಟ್ಟಿನ ಚೌಕ, ತ್ರಿಕೋನಗಳಿಗೆ ಸುತ್ತ ಒಂದು ಅಂಚು ಬಿಟ್ಟು ನಡುವೆ ತೂತು ಕೊರೆದು ಅಂಟಿಸಿ. ಇಲ್ಲದಿದ್ದರೆ ಬೆಳಕು ಕೊಂಬುಗಳಿಗೆ ಹಾಯುವುದಿಲ್ಲ. ಕೊಂಬುಗಳಿಗೆ ತೆಳು ಡ್ರಾಯಿಂಗ್ ಶೀಟು. ಎಲ್ಲಕ್ಕೂ ತಳದ ಅಳತೆ ಒಂದೇ ಇರಲಿ, ಐದು ಸೆಂಟಿಮೀಟರ್ ಇಟ್ಟುಕೊಂಡರೆ ಸಣ್ಣ ಕೈಗಳಿಗೆ ಅನುಕೂಲ. ಕೊಂಬಿನ ಬುಡದಲ್ಲಿ ಅಂಟಿಸಲು ಮಡಿಕೆ ಬಿಡುವುದನ್ನು ಕತ್ತರಿಸುವ ಮೊದಲೇ ಮಗುವಿಗೆ ಹೇಳಿಬಿಡಿ. ಒಳಗೆ ಸಣ್ಣ ಎಲ್‌ಇಡಿ ಮಾತ್ರ, ಮೇಣದ ಬತ್ತಿ ಸರ್ವಥಾ ಬೇಡ. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವಲ್ಲ. ದಿನಕ್ಕೊಂದು ಕೊಂಬಿನಂತೆ ಹಚ್ಚಿಕೊಂಡರೆ ಇದೇ ಕ್ಯಾಲೆಂಡರು. ಡಿಸೆಂಬರ್ ಒಂದರಿಂದ ಶುರು ಮಾಡಿದರೆ ಇಪ್ಪತ್ತೈದಕ್ಕೆ ಇಪ್ಪತ್ತೈದನೆಯದು.

ವಿಖರ್ನ್‌ನ ಹಾಗೆ ಲೆಕ್ಕ ಹಿಡಿಯುವವರಿಗೆ: 2026ರಲ್ಲಿ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 29. ಅಲ್ಲಿಂದ ಡಿಸೆಂಬರ್ 24ರವರೆಗೆ 26 ದಿನ. ನಾಲ್ಕು ದೊಡ್ಡ ಬತ್ತಿ, 22 ಸಣ್ಣವು ಬೇಕಾಗುತ್ತವೆ.